ಸೈಕಲ್ಲಿನ ಗೇರು: ಮೊದಲು ನಿದಾನ, ಅನಂತರ ಚಿಕಿತ್ಸೆ

ಮಹಾನಗರದ ಯಾವುದೇ ವಸತಿ ಸಮುಚ್ಚಯದಲ್ಲಿ ಮೆಟ್ಟಿಲುಗಳ ಕೆಳಗಿನ ಮಬ್ಬುಗತ್ತಲೆಯ ಮೂಲೆಯನ್ನೊಮ್ಮೆ ಇಣಿಕಿ ನೋಡಿದರೆ ಒಂದು ದೃಶ್ಯ ತಪ್ಪದೆ ಕಣ್ಣಿಗೆ ಬೀಳುತ್ತದೆ: ಗಾಳಿ ಇಳಿದ, ಧೂಳು ಮೆತ್ತಿದ, ಚೈನು ತುಕ್ಕಿನಿಂದ ಕೆಂಪಾದ ಒಂದು ಗೇರು ಸೈಕಲ್ಲು. ಅದನ್ನು ಕೊಂಡವರು ಹುಡುಗರೇ ಆಗಿರಬೇಕೆಂದಿಲ್ಲ. ನಲವತ್ತು ದಾಟಿದ ಗೃಹಸ್ಥರು, ವೈದ್ಯರು ರಕ್ತದಲ್ಲಿ ಸಕ್ಕರೆ ಹೆಚ್ಚಿದೆಯೆಂದೋ, ರಕ್ತದ ಒತ್ತಡ ಏರಿದೆಯೆಂದೋ ಎಚ್ಚರಿಸಿದ ಮೇಲೆ, ದೃಢವಾದ ಸಂಕಲ್ಪದಿಂದಲೇ ಕೊಂಡ ವಾಹನವದು. ಮೊದಲ ತಿಂಗಳು ಸೂರ್ಯೋದಯಕ್ಕೆ ಮುಂಚೆಯೇ ಸವಾರಿ. ಎರಡನೆಯ ತಿಂಗಳಲ್ಲಿ ಗೇರಿನಿಂದ ಕಟಕಟ ಸದ್ದು. ಮೂರನೆಯ ತಿಂಗಳಲ್ಲಿ ಮೇಲುಸೇತುವೆ ಏರುವಾಗ ಚೈನು ಧಡಕ್ಕನೆ ಜಾರಿ, ಕಾಲು ತಪ್ಪಿ, ಹಿಂದಿನಿಂದ ಬರುತ್ತಿದ್ದ ಬಸ್ಸಿನವನ ಬೈಗುಳ. ಆ ಬಳಿಕ ಸೈಕಲ್ಲಿಗೆ ಮೆಟ್ಟಿಲ ಕೆಳಗಿನ ಮೂಲೆಯೇ ಗತಿ. ಏಕೆ ನಿಲ್ಲಿಸಿದಿರಿ ಎಂದು ಯಾರಾದರೂ ಕೇಳಿದರೆ ದೊರೆಯುವ ಉತ್ತರ ಎರಡೇ ಮಾತಿನದು: 'ಗೇರು ಸರಿಯಿಲ್ಲ.'

ಈ ಎರಡು ಮಾತಿನ ಹಿಂದೆ ಇರುವ ನಷ್ಟ ಸಣ್ಣದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಸಿಹಿಮೂತ್ರ ರೋಗವಿದೆಯೆಂದು ಅಂದಾಜು ಮಾಡಿತು. ಹಳ್ಳಿಗಳಿಗಿಂತ ನಗರಗಳಲ್ಲಿಯೇ ಅದರ ಪ್ರಮಾಣ ಹೆಚ್ಚೆಂಬುದನ್ನೂ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಶ್ರಮ ಅಗತ್ಯ. ವಾರದಲ್ಲಿ ಐದು ದಿನ ಅರ್ಧ ಗಂಟೆಯ ಸೈಕಲ್ ಸವಾರಿ ಈ ಲೆಕ್ಕವನ್ನು ಸಲೀಸಾಗಿ ಮುಟ್ಟಿಸಬಲ್ಲದು. ಇಷ್ಟು ಬೆಲೆಯುಳ್ಳ ಅಭ್ಯಾಸವೊಂದು, ಕಾಲು ಸುತ್ತು ತಿರುಗಿಸಿದರೆ ಸರಿಹೋಗಬಹುದಾದ ತಿರುಪೊಂದರ ದೆಸೆಯಿಂದ ನಿಂತುಹೋಗುವುದು ವಿಷಾದದ ಸಂಗತಿಯಲ್ಲವೆ?

ಗೇರಿನ ತೊಂದರೆಗಳಲ್ಲಿ ಬಹುಪಾಲು ಕ್ಷುಲ್ಲಕವಾದವು. ಅವುಗಳನ್ನು ಕಂಡುಹಿಡಿಯುವುದಕ್ಕೆ ಒಂದು ಕ್ರಮವಿದೆ. ಆ ಕ್ರಮವನ್ನು ಬಿಟ್ಟು ಕೈಗೆ ಸಿಕ್ಕಿದ ಸ್ಕ್ರೂ ತಿರುಗಿಸುವುದಾಗಲಿ, ಭಾಗಗಳನ್ನು ಒಂದರ ಮೇಲೊಂದು ಬದಲಾಯಿಸುವುದಾಗಲಿ ನೆಗಡಿ ಬಂದರೆ ಮೂಗು ಕೊಯ್ದುಕೊಂಡಂತೆ. ಆಯುರ್ವೇದದಲ್ಲಿ ಚಿಕಿತ್ಸೆಗೆ ಮೊದಲು ನಿದಾನಕ್ಕೆ ಸ್ಥಾನ. ಲೆಕ್ಕಶಾಸ್ತ್ರದಲ್ಲಿಯೂ ಹಾಗೆಯೇ: ತಾಳೆಪಟ್ಟಿಯಲ್ಲಿ ವ್ಯತ್ಯಾಸ ಬಂದರೆ ಗುಮಾಸ್ತನು ಇಡೀ ಖಾತೆಪುಸ್ತಕವನ್ನು ಹರಿದೆಸೆಯುವುದಿಲ್ಲ, ವ್ಯತ್ಯಾಸ ಯಾವ ಪುಟದಲ್ಲಿ ಹುಟ್ಟಿತೆಂಬುದನ್ನು ಹುಡುಕುತ್ತಾನೆ. ಸೈಕಲ್ಲಿಗೂ ಅದೇ ನ್ಯಾಯ ಸಲ್ಲಬೇಕು.

ಹೊರನಾಡಿಗೆ ಬಂದು ನೆಲೆಸಿದ ಹಿರಿಯ ತಲೆಮಾರಿನ ಕನ್ನಡಿಗರಿಗೆ ಸೈಕಲ್ಲು ಅಪರಿಚಿತವೇನಲ್ಲ. ಊರಿನ ಬಾಡಿಗೆ ಅಂಗಡಿಯಿಂದ ಗಂಟೆಯ ಲೆಕ್ಕದಲ್ಲಿ ತಂದು, ಸೀಟಿನ ಮೇಲೆ ಕೂರಲು ಕಾಲು ಎಟುಕದೆ ಒಳಪೆಡಲು ಹೊಡೆದು, ಮೊಣಕಾಲು ತರಚಿಕೊಂಡು ಕಲಿತವರೇ ಹೆಚ್ಚು. ಆದರೆ ಆ ಸೈಕಲ್ಲಿಗೆ ಹಿಂದೆ ಒಂದು ಹಲ್ಲುಚಕ್ರ, ಮುಂದೆ ಒಂದು ಹಲ್ಲುಚಕ್ರ, ನಡುವೆ ಚೈನು. ಕೆಡುವುದಿದ್ದರೆ ಪಂಕ್ಚರು, ಇಲ್ಲವೆ ಸಡಿಲಗೊಂಡ ಚೈನು. ಗೇರು ಸೈಕಲ್ಲು ಹೊಸ ಜಾತಿಯದು. 2020ರ ಲಾಕ್‌ಡೌನಿನ ನಂತರ ಸೈಕಲ್ಲು ಕೊಂಡ ಅನೇಕರು ಗೇರನ್ನು ಮೊತ್ತಮೊದಲ ಬಾರಿಗೆ ಮುಟ್ಟಿದ್ದು ಆಗಲೇ. ಬಾಲ್ಯದ ಅನುಭವ ಇಲ್ಲಿ ಪೂರ್ತಿ ನೆರವಾಗದು ಎಂಬುದನ್ನು ಒಪ್ಪಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ.

ಗೇರು ಏತಕ್ಕೆ?

ಗೇರಿನ ವಿಷಯದಲ್ಲಿ ಸಂಶಯ ಹೊಸದಲ್ಲ. ಫ್ರಾನ್ಸಿನ ಸಾಂತೇತಿಯೆನ್ ಪಟ್ಟಣದ ಪಾಲ್ ದ ವಿವಿ (1853-1930) ಗುಡ್ಡಗಾಡಿನ ಸವಾರಿಗೆ ಗೇರು ಬೇಕೇಬೇಕೆಂದು ಬಹುಕಾಲ ವಾದಿಸಿದರು. ಆದರೆ 1903ರಲ್ಲಿ ಪ್ರಾರಂಭವಾದ ಫ್ರಾನ್ಸಿನ ಪ್ರಸಿದ್ಧ 'ಟೂರ್ ದ ಫ್ರಾನ್ಸ್' ಪಂದ್ಯದ ಸ್ಥಾಪಕ ಆಂರಿ ದೆಗ್ರಾಂಜ್ ಇದಕ್ಕೆ ಒಲಿಯಲಿಲ್ಲ. ಸ್ಪರ್ಧಾಳುಗಳು ಬೆಟ್ಟದ ಬುಡದಲ್ಲಿ ಇಳಿದು, ಹಿಂಚಕ್ರವನ್ನು ಬಿಚ್ಚಿ, ಇನ್ನೊಂದು ಬದಿಯ ಹಲ್ಲುಚಕ್ರಕ್ಕೆ ಚೈನು ಹಾಕಿಕೊಳ್ಳಬೇಕಾಗಿತ್ತು. ಚೈನನ್ನು ಪಕ್ಕಕ್ಕೆ ಸರಿಸುವ ಗೇರಿಗೆ ಆ ಪಂದ್ಯದಲ್ಲಿ ಅನುಮತಿ ದೊರೆತದ್ದು 1937ರಲ್ಲಿ. ಜಗತ್ತಿನ ಬಲಿಷ್ಠ ಕಾಲುಗಳಿಗೇ ಬೇಕೆನಿಸಿದ ಸಾಧನ, ದಿನವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವ ಕಾಲುಗಳಿಗೆ ಬೇಡವೆನ್ನಲಾದೀತೆ?

ಗೇರಿನ ಲೆಕ್ಕ ಸುಲಭವಾದದ್ದು. ಮುಂದೆ ಮೂರು, ಹಿಂದೆ ಏಳು ಹಲ್ಲುಚಕ್ರಗಳಿರುವ ಸಾಮಾನ್ಯ ಸೈಕಲ್ಲನ್ನು ತೆಗೆದುಕೊಳ್ಳಿರಿ. ಮುಂದಿನ ಅತಿ ದೊಡ್ಡದರಲ್ಲಿ 48 ಹಲ್ಲು, ಹಿಂದಿನ ಅತಿ ಸಣ್ಣದರಲ್ಲಿ 14 ಹಲ್ಲು ಇದ್ದರೆ, ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಹಿಂಚಕ್ರ ಸುಮಾರು 3.4 ಸುತ್ತು ಬರುತ್ತದೆ. ಚಕ್ರದ ಸುತ್ತಳತೆ ಸುಮಾರು 2.1 ಮೀಟರೆಂದರೆ ಒಂದು ತುಳಿತಕ್ಕೆ 7 ಮೀಟರಿಗೂ ಮಿಕ್ಕಿದ ಓಟ. ಮುಂದಿನ ಸಣ್ಣ ಚಕ್ರದಲ್ಲಿ 28, ಹಿಂದಿನ ದೊಡ್ಡದರಲ್ಲಿಯೂ 28 ಹಲ್ಲಿದ್ದರೆ ಒಂದು ತುಳಿತಕ್ಕೆ 2.1 ಮೀಟರು ಮಾತ್ರ. ಮೊದಲನೆಯದು ಸಮತಟ್ಟಾದ ರಸ್ತೆಗೆ, ಎರಡನೆಯದು ಏರಿಗೆ.

ಇದರ ಪರಿಣಾಮ ಮೊಣಕಾಲಿನ ಮೇಲೆ. ಒಂದೇ ಏರನ್ನು ಒಂದೇ ವೇಗದಲ್ಲಿ ಹತ್ತಲು ಬೇಕಾಗುವ ಒಟ್ಟು ಶಕ್ತಿ ಬದಲಾಗುವುದಿಲ್ಲ. ಆದರೆ ನಿಮಿಷಕ್ಕೆ 30 ಸುತ್ತು ಪೆಡಲು ತುಳಿಯುವವನು, 60 ಸುತ್ತು ತುಳಿಯುವವನಿಗಿಂತ ಪ್ರತಿ ತುಳಿತದಲ್ಲಿಯೂ ಎರಡರಷ್ಟು ಬಲ ಹಾಕಬೇಕು. ಗೇರು ಬದಲಾಗದೆ ಭಾರವಾದ ಸ್ಥಾನದಲ್ಲಿಯೇ ಸಿಕ್ಕಿಬಿದ್ದಾಗ ಆಗುವುದು ಇದೇ. ಪ್ರತಿ ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ ಆ ಹೆಚ್ಚಿನ ಭಾರವನ್ನು ಹೊರುವುದು ಮೊಣಕಾಲು. 'ಸೈಕಲ್ಲಿನಿಂದ ಮಂಡಿನೋವು ಬಂತು' ಎಂದು ದೂರುವವರು ತಮ್ಮ ಗೇರು ಯಾವ ಸ್ಥಾನದಲ್ಲಿತ್ತೆಂದು ಒಮ್ಮೆ ನೆನಪಿಸಿಕೊಳ್ಳುವುದು ಉಚಿತ. ಸೀಟು ತೀರ ತಗ್ಗಿನಲ್ಲಿದ್ದರೂ ಮಂಡಿಗೆ ನೋವಾಗಬಹುದು. ನೋವು ಬಹುದಿನ ನಿಂತರೆ ವೈದ್ಯರನ್ನೇ ಕಾಣಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಕೂದಲೆಳೆಯ ಲೆಕ್ಕ

ಹಿಂದಿನ ಕಾಲದ ಗೇರು ಸೈಕಲ್ಲಿನಲ್ಲಿ ಸನ್ನೆಯನ್ನು ಅಂದಾಜಿನ ಮೇಲೆ ಎಳೆಯುತ್ತ, ಸದ್ದು ನಿಲ್ಲುವ ಜಾಗವನ್ನು ಸವಾರನೇ ಕಿವಿಗೊಟ್ಟು ಗುರುತಿಸಬೇಕಾಗಿತ್ತು. 1984ರಲ್ಲಿ ಜಪಾನಿನ ಶಿಮಾನೊ ಸಂಸ್ಥೆ, ಒಂದು 'ಟಿಕ್' ಶಬ್ದಕ್ಕೆ ಒಂದು ಗೇರು ಬದಲಾಗುವ ವ್ಯವಸ್ಥೆಯನ್ನು ಬಳಕೆಗೆ ತಂದಿತು. ಕಾಲಕ್ರಮದಲ್ಲಿ ಅದೇ ಎಲ್ಲೆಡೆ ವಾಡಿಕೆಯಾಯಿತು. ಸವಾರನಿಗೆ ಸುಖ ಹೆಚ್ಚಿತು; ಆದರೆ ಯಂತ್ರಕ್ಕೆ ಕರಾರುವಾಕ್ಕಾದ ಹೊಂದಾಣಿಕೆ ಅನಿವಾರ್ಯವಾಯಿತು.

ಹ್ಯಾಂಡಲಿನ ಸನ್ನೆಯಿಂದ ಸಣ್ಣ ಉಕ್ಕಿನ ತಂತಿಯೊಂದು ಕೊಳವೆಗಳ ಮೂಲಕ ಹಾಯ್ದು ಹಿಂಚಕ್ರದ ಬಳಿ ಬರುತ್ತದೆ. ಅಲ್ಲಿ ಎರಡು ಪುಟ್ಟ ಗಾಲಿಗಳುಳ್ಳ ತೋಳೊಂದು ಚೈನನ್ನು ಪಕ್ಕಕ್ಕೆ ಸರಿಸುತ್ತದೆ. ಅಂಗಡಿಯವರು ಇದನ್ನು ಡಿರೇಲರ್ ಎನ್ನುತ್ತಾರೆ. ತಂತಿಯ ಎಳೆತ ಚೈನನ್ನು ದೊಡ್ಡ ಹಲ್ಲುಚಕ್ರದತ್ತ ಒಯ್ಯುತ್ತದೆ. ತಂತಿ ಸಡಿಲಾದಾಗ ತೋಳಿನೊಳಗಿನ ಸ್ಪ್ರಿಂಗು ಅದನ್ನು ಸಣ್ಣದರತ್ತ ಮರಳಿ ತರುತ್ತದೆ. ಸಾಮಾನ್ಯ ಏಳು ಗೇರಿನ ಜೋಡಣೆಯಲ್ಲಿ ಒಂದು 'ಟಿಕ್'ಗೆ ತಂತಿ ಸುಮಾರು 3 ಮಿಲಿಮೀಟರು ಸರಿಯುತ್ತದೆ. ಚೈನು ಸುಮಾರು 5 ಮಿಲಿಮೀಟರು ಸರಿಯುತ್ತದೆ. ಅಂದರೆ ತಂತಿಯಲ್ಲಿ 1 ಮಿಲಿಮೀಟರು ಸಡಿಲವಾದರೆ ಚೈನು ತಾನು ಹೋಗಬೇಕಾದ ದಾರಿಯ ಮೂರನೆಯ ಒಂದು ಭಾಗದಷ್ಟು ಹಿಂದುಳಿಯುತ್ತದೆ. ಕಟಕಟ ಸದ್ದಿನ ಜನ್ಮರಹಸ್ಯ ಇಷ್ಟೇ.

ಹೊಸ ಸೈಕಲ್ಲಿನಲ್ಲಿ ಈ ಸಡಿಲ ಬಂದೇ ಬರುತ್ತದೆ. ತಂತಿ ಹಿಗ್ಗಿತೆಂದು ಜನ ಹೇಳುವರಾದರೂ, ವಾಸ್ತವದಲ್ಲಿ ಕೊಳವೆಯ ತುದಿಗಳು ತಮ್ಮ ಗೂಡಿನಲ್ಲಿ ಚೆನ್ನಾಗಿ ಕುಳಿತುಕೊಳ್ಳುವುದೇ ಇದಕ್ಕೆ ಮುಖ್ಯ ಕಾರಣ. ಎರಡನೆಯ ತಿಂಗಳಲ್ಲಿ ಸದ್ದು ಹುಟ್ಟುವುದು ಸೈಕಲ್ಲು ಕಳಪೆಯೆಂಬುದಕ್ಕೆ ಸಾಕ್ಷಿಯಲ್ಲ. ಅಂಗಡಿಯವರು ನೀಡುವ ಮೊದಲ ತಪಾಸಣೆಯ ಕಾಲ ಬಂದಿತೆಂಬುದರ ಸೂಚನೆ. ಆ ತಪಾಸಣೆಗೆ ಸೈಕಲ್ಲನ್ನು ಒಯ್ಯದೆ ಮೂಲೆಗೆ ತಳ್ಳುವವರು ತಮ್ಮ ಹಕ್ಕನ್ನು ತಾವೇ ಬಿಟ್ಟುಕೊಟ್ಟಂತೆ.

ನಿದಾನದ ಕ್ರಮ

ಒಳ್ಳೆಯ ವೈದ್ಯನು ರೋಗಿಯನ್ನು ಮುಟ್ಟುವ ಮೊದಲು ಪ್ರಶ್ನೆ ಕೇಳುತ್ತಾನೆ. ಇಲ್ಲಿಯೂ ಮೊದಲ ಹೆಜ್ಜೆ ಅದೇ. ತೊಂದರೆ ಎಂದಿನಿಂದ ಪ್ರಾರಂಭವಾಯಿತು? ಸೈಕಲ್ಲು ಬಲಮಗ್ಗುಲಿಗೆ ಬಿದ್ದಿತ್ತೆ? ಮಳೆಯಲ್ಲಿ ನೆನೆದಿತ್ತೆ? ಇತ್ತೀಚೆಗೆ ಚೈನು ಅಥವಾ ತಂತಿಯನ್ನು ಬದಲಾಯಿಸಿದ್ದುಂಟೆ? ಊರು ಬದಲಾಯಿಸುವಾಗ ಲಾರಿಯಲ್ಲಿ ಬಂದದ್ದೆ? ಅರ್ಧ ರೋಗ ಈ ಉತ್ತರಗಳಲ್ಲಿಯೇ ಬಯಲಾಗುತ್ತದೆ.

ಎರಡನೆಯದು ಕಣ್ಣಿನ ಪರೀಕ್ಷೆ. ಸೈಕಲ್ಲಿನ ಹಿಂದೆ ಕುಕ್ಕುರುಗಾಲಿನಲ್ಲಿ ಕುಳಿತು ನೋಡಬೇಕು. ತೋಳಿನ ಎರಡು ಪುಟ್ಟ ಗಾಲಿಗಳು ಒಂದರ ಕೆಳಗೊಂದು, ಹಲ್ಲುಚಕ್ರದ ಸಮತಲಕ್ಕೆ ಹೊಂದಿಕೊಂಡು ನೇರವಾಗಿರಬೇಕು. ಕೆಳಗಿನ ಗಾಲಿ ಒಳಕ್ಕೆ ವಾಲಿದ್ದರೆ, ತೋಳನ್ನು ಚೌಕಟ್ಟಿಗೆ ಸೇರಿಸುವ ಹ್ಯಾಂಗರ್ ಎಂಬ ಲೋಹದ ತುಂಡು ಬಾಗಿದೆಯೆಂದೇ ಸಂಶಯಪಡಬೇಕು. ಅನೇಕ ಸೈಕಲ್ಲುಗಳಲ್ಲಿ ಇದನ್ನು ಬೇಕೆಂದೇ ಮೆದುವಾದ ಅಲ್ಯುಮಿನಿಯಮ್ಮಿನಿಂದ ಮಾಡಿರುತ್ತಾರೆ. ಪೆಟ್ಟು ಬಿದ್ದಾಗ ಬೆಲೆಬಾಳುವ ಚೌಕಟ್ಟು ಉಳಿದು ಈ ತುಂಡು ಮಾತ್ರ ಬಾಗಲಿ ಎಂಬುದು ಉದ್ದೇಶ. ಇಕ್ಕಟ್ಟಾದ ವಾಹನ ನಿಲುಗಡೆಯಲ್ಲಿ ಪಕ್ಕದ ಸ್ಕೂಟರು ತಾಗಿ ಬಿದ್ದರೂ ಸಾಕು. ಇದರ ಇನ್ನೊಂದು ಗುರುತು: ಸಣ್ಣ ಹಲ್ಲುಚಕ್ರಗಳಿಗೆ ಹೊಂದಿಸಿದರೆ ದೊಡ್ಡವುಗಳಲ್ಲಿ ಸದ್ದು, ದೊಡ್ಡವುಗಳಿಗೆ ಹೊಂದಿಸಿದರೆ ಸಣ್ಣವುಗಳಲ್ಲಿ ಸದ್ದು. ಹ್ಯಾಂಗರು ಬಾಗಿರುವಾಗ ತಂತಿಯನ್ನು ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಅದು ಲೆಕ್ಕದ ವ್ಯತ್ಯಾಸವನ್ನು ಅನಾಮತ್ತು ಖಾತೆಗೆ ತಳ್ಳಿ ನೆಮ್ಮದಿಯಿಂದ ಮನೆಗೆ ಹೋದಂತೆ. ಇದನ್ನು ನೇರಮಾಡಲು ತಕ್ಕ ಉಪಕರಣವಿರುವ ಕುಶಲಿಯೇ ಬೇಕು. ಮನೆಯ ಇಕ್ಕಳದ ಕೆಲಸವಲ್ಲ.

ಮೂರನೆಯದು ತಂತಿ. ಇನ್ನೊಬ್ಬರು ಸೀಟನ್ನು ಹಿಡಿದೆತ್ತಿ ಹಿಂಚಕ್ರವನ್ನು ನೆಲದಿಂದ ಮೇಲಿರಿಸಲಿ. ಒಂದು ಕೈಯಿಂದ ಪೆಡಲನ್ನು ಮುಂದಕ್ಕೆ ತಿರುಗಿಸುತ್ತ ಇನ್ನೊಂದು ಕೈಯಿಂದ ಒಂದೊಂದೇ ಗೇರನ್ನು ಬದಲಾಯಿಸಬೇಕು. ಇಲ್ಲಿ ಎರಡು ಲಕ್ಷಣಗಳನ್ನು ಬೇರ್ಪಡಿಸಿ ನೋಡುವುದು ಮುಖ್ಯ. ಚೈನು ದೊಡ್ಡ ಹಲ್ಲುಚಕ್ರಕ್ಕೆ ಹತ್ತಲು ಹಿಂದೆಗೆಯುತ್ತಿದ್ದು, ಸಣ್ಣದಕ್ಕೆ ಸಲೀಸಾಗಿ ಇಳಿಯುತ್ತಿದ್ದರೆ ತಂತಿ ಸಡಿಲವಾಗಿದೆ. ಹತ್ತುವಾಗ ಸಲೀಸಾಗಿದ್ದು ಇಳಿಯುವಾಗ ತಡವರಿಸಿದರೆ ತಂತಿ ಅತಿಯಾಗಿ ಬಿಗಿದಿದೆ, ಇಲ್ಲವೆ ಕೊಳವೆಯೊಳಗೆ ತುಕ್ಕು ಅಥವಾ ಕೊಳೆ ತುಂಬಿ ಜಾರುತ್ತಿಲ್ಲ. ಹತ್ತಿಸುವುದು ಕೈಬೆರಳಿನ ಬಲ. ಇಳಿಸುವುದು ಸ್ಪ್ರಿಂಗಿನ ಬಲ ಮಾತ್ರ. ಆದುದರಿಂದ ತುಕ್ಕಿನ ತಡೆ ಇಳಿಯುವಾಗಲೇ ಎದ್ದು ಕಾಣುತ್ತದೆ.

ಸಡಿಲಕ್ಕೆ ಚಿಕಿತ್ಸೆ ಸುಲಭ. ತಂತಿ ತೋಳನ್ನು ಅಥವಾ ಸನ್ನೆಯನ್ನು ಸೇರುವಲ್ಲಿ ಬೆರಳಿನಿಂದ ತಿರುಗಿಸಬಹುದಾದ ಉರುಟಾದ ತಿರುಪೊಂದಿರುತ್ತದೆ. ಚೈನನ್ನು ಅತಿ ಸಣ್ಣ ಹಲ್ಲುಚಕ್ರದಲ್ಲಿರಿಸಿ ಒಂದು 'ಟಿಕ್' ಮಾತ್ರ ಒತ್ತಬೇಕು. ಚೈನು ಎರಡನೆಯದಕ್ಕೆ ಹತ್ತದಿದ್ದರೆ ಈ ತಿರುಪನ್ನು ಹೊರಬರುವ ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ ಮತ್ತೆ ನೋಡಬೇಕು. ಎರಡನೆಯದನ್ನು ದಾಟಿ ಮೂರನೆಯದಕ್ಕೆ ಹಾರಿದರೆ, ಅಥವಾ ಅದನ್ನು ಉಜ್ಜುತ್ತಿದ್ದರೆ, ಕಾಲು ಸುತ್ತು ಒಳಕ್ಕೆ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಆತುರ ಬೇಡ. ಎಷ್ಟು ತಿರುಗಿಸಿತೆಂಬುದನ್ನು ಚೀಟಿಯಲ್ಲಿ ಬರೆದಿಡುವವರು ದಾರಿ ತಪ್ಪಿದರೂ ಮರಳಿ ಬರಬಲ್ಲರು.

ನಾಲ್ಕನೆಯದು ಚೈನು. ಎತ್ತಿ ಹಿಡಿದು ಕೈಯಿಂದ ತಿರುಗಿಸುವಾಗ ಎಲ್ಲವೂ ಸರಿಯಿದ್ದು, ರಸ್ತೆಯಲ್ಲಿ ಭಾರ ಹಾಕಿ ತುಳಿದಾಗ ಮಾತ್ರ ಜಾರುತ್ತಿದ್ದರೆ ಸವೆತದ ಸಂಶಯ ಬಲವಾಗುತ್ತದೆ. ಇದನ್ನು ಅಳೆಯಲು ಮಕ್ಕಳ ಕಂಪಾಸುಪೆಟ್ಟಿಗೆಯ ಅಡಿಪಟ್ಟಿ ಚಿಕ್ಕದಾಯಿತು; 12 ಅಂಗುಲಕ್ಕಿಂತ ತುಸು ಉದ್ದದ ಉಕ್ಕಿನ ಪಟ್ಟಿ ಬೇಕು. ಚೈನಿನ ಒಂದು ಕೀಲಿನಿಂದ ಮುಂದಿನ ಕೀಲಿಗೆ ಅರ್ಧ ಅಂಗುಲ. ಹೊಸ ಚೈನಿನಲ್ಲಿ 24 ಕೊಂಡಿಗಳಿಗೆ ಸರಿಯಾಗಿ 12 ಅಂಗುಲ. ಅದು ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ಹೆಚ್ಚಿದ್ದರೆ ಚೈನನ್ನು ಬದಲಾಯಿಸಬೇಕು. ಎಂಟನೆಯ ಒಂದು ಭಾಗದಷ್ಟು ಹೆಚ್ಚಿದ್ದರೆ ಹಲ್ಲುಚಕ್ರಗಳೂ ಸವೆದಿರುತ್ತವೆ. ಆಗ ಹೊಸ ಚೈನೊಂದನ್ನೇ ಹಾಕಿದರೆ ಹಳೆಯ ಹಲ್ಲುಗಳ ಮೇಲೆ ಅದು ಇನ್ನಷ್ಟು ಜಾರುತ್ತದೆ. 'ಹೊಸ ಚೈನು ಹಾಕಿಸಿದ ಮೇಲೆಯೇ ಕೆಟ್ಟಿತು' ಎಂಬ ದೂರಿನ ಮೂಲ ಸಾಮಾನ್ಯವಾಗಿ ಇಲ್ಲಿದೆ. ಕಾಲದಲ್ಲಿ ಚೈನು ಬದಲಾಯಿಸಿದವನಿಗೆ ಹಲ್ಲುಚಕ್ರಗಳ ಖರ್ಚು ಉಳಿಯುತ್ತದೆ. ಸಣ್ಣ ವೆಚ್ಚವನ್ನು ಮುಂದೂಡಿದವನು ದೊಡ್ಡ ವೆಚ್ಚವನ್ನು ಕರೆದುಕೊಳ್ಳುತ್ತಾನೆ.

ಚೈನಿನ ಇನ್ನೊಂದು ರೋಗವನ್ನು ನಾಡಿ ಎಣಿಸಿದಂತೆ ಎಣಿಸಿಯೇ ಹಿಡಿಯಬಹುದು. ಒಂದು ಕೊಂಡಿ ತುಕ್ಕಿನಿಂದ ಬಿಗಿದುಕೊಂಡು ಬಾಗದಿದ್ದರೆ ಚೈನು ಪೂರ್ತಿ ಒಂದು ಸುತ್ತು ಬಂದಾಗಲೆಲ್ಲ ಒಂದು ಕುಲುಕಾಟ. 112 ಕೊಂಡಿಗಳ ಚೈನು ಮುಂದಿನ 38 ಹಲ್ಲಿನ ಚಕ್ರದ ಮೇಲಿದ್ದರೆ ಅದು ಹೆಚ್ಚುಕಡಿಮೆ ಮೂರು ತುಳಿತಕ್ಕೊಮ್ಮೆ ಆಗುತ್ತದೆ. ಪ್ರತಿ ತುಳಿತಕ್ಕೂ ಒಂದೇ ಜಾಗದಲ್ಲಿ ಸದ್ದಾಗುತ್ತಿದ್ದರೆ ದೋಷ ಚೈನಿನಲ್ಲಲ್ಲ. ಮುಂದಿನ ಹಲ್ಲುಚಕ್ರದಲ್ಲಿ ಅಥವಾ ಪೆಡಲಿನಲ್ಲಿ. ಬಿಗಿದ ಕೊಂಡಿಯನ್ನು ಎರಡು ಹನಿ ಎಣ್ಣೆ ಬಿಟ್ಟು ಬೆರಳುಗಳಿಂದ ಅತ್ತಿತ್ತ ಬಾಗಿಸಿದರೆ ಅನೇಕ ವೇಳೆ ಸಡಿಲವಾಗುತ್ತದೆ.

ಐದನೆಯದೂ ಕೊನೆಯದೂ ಆದದ್ದು ಮಿತಿಯ ಸ್ಕ್ರೂಗಳು. ತೋಳಿನ ಮೇಲೆ ಎಚ್ ಮತ್ತು ಎಲ್ ಎಂಬ ಅಕ್ಷರಗಳ ಬಳಿ ಎರಡು ಸಣ್ಣ ಸ್ಕ್ರೂಗಳಿರುತ್ತವೆ. ಮೊದಲನೆಯದು ಅತಿ ಸಣ್ಣ ಹಲ್ಲುಚಕ್ರದಾಚೆಗೆ, ಎರಡನೆಯದು ಅತಿ ದೊಡ್ಡದರಾಚೆಗೆ ಚೈನು ಹೋಗದಂತೆ ತಡೆಯುತ್ತವೆ. ಇವು ಗೇರನ್ನು ಹೊಂದಿಸುವ ಸ್ಕ್ರೂಗಳಲ್ಲ, ಹೊಲದ ಬದುಗಳಿದ್ದಂತೆ. ಚೈನು ಈ ಎರಡು ಕೊನೆಗಳನ್ನು ಮೀರುತ್ತಿದ್ದರೆ, ಅಥವಾ ತಂತಿಯೂ ಹ್ಯಾಂಗರೂ ಸರಿಯಿದ್ದು ಆ ಕೊನೆಗಳನ್ನು ಮುಟ್ಟದಿದ್ದರೆ ಮಾತ್ರ ಇವುಗಳನ್ನು ಮುಟ್ಟಬೇಕು. ಕಣ್ಣಿಗೆ ಎದ್ದು ಕಾಣುವುದರಿಂದ ಅನುಭವವಿಲ್ಲದವರು ಮೊದಲು ತಿರುಗಿಸುವುದು ಇವುಗಳನ್ನೇ, ಅನಾಹುತವೂ ಇಲ್ಲಿಯೇ. ಎಲ್ ಸ್ಕ್ರೂ ಸಡಿಲವಾದರೆ ಚೈನು ದೊಡ್ಡ ಹಲ್ಲುಚಕ್ರವನ್ನು ದಾಟಿ ಚಕ್ರದ ಕಡ್ಡಿಗಳ ನಡುವೆ ಬೀಳಬಹುದು. ತೋಳು ಕಡ್ಡಿಗಳಿಗೆ ಸಿಕ್ಕಿ ಹಿಂಚಕ್ರ ತಟಕ್ಕನೆ ನಿಲ್ಲಬಹುದು. ವಾಹನಗಳ ನಡುವೆ ಹೀಗಾದರೆ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಗೇರಿನ ನಿದಾನ ಕೇವಲ ಸದ್ದು ಅಡಗಿಸುವ ಚೋದ್ಯವಲ್ಲ, ಪ್ರಾಣರಕ್ಷಣೆಯ ವಿಷಯವೆನ್ನುವುದು ಇದಕ್ಕಾಗಿ.

ಸವಾರನ ದೋಷ, ಅಂಗಡಿಯ ದೋಷ

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಗೇರಿನ ಮೇಲೆ ಹೊರಿಸುವ ಆರೋಪಗಳಲ್ಲಿ ಕೆಲವು ಸವಾರನಿಗೇ ಸಲ್ಲಬೇಕಾದವು. ಪೆಡಲು ತಿರುಗದೆ ಗೇರು ಬದಲಾಗದು. ನಿಂತಲ್ಲಿಯೇ ನಾಲ್ಕು 'ಟಿಕ್' ಒತ್ತಿ ಸಿಗ್ನಲ್ಲು ಹಸುರಾದೊಡನೆ ಮೈಭಾರವನ್ನೆಲ್ಲ ಹಾಕಿ ತುಳಿದರೆ ಯಾವ ದೇಶದ ಗೇರೂ ಗೊರಗುಟ್ಟದೆ ಇರದು. ನಿಲ್ಲುವುದಕ್ಕೆ ಮುಂಚೆಯೇ ಹಗುರವಾದ ಗೇರಿಗೆ ಬರಬೇಕು. ಏರು ಪ್ರಾರಂಭವಾಗುವ ಮೊದಲೇ ಬದಲಾಯಿಸಬೇಕು. ಬದಲಾಯಿಸುವ ಕ್ಷಣದಲ್ಲಿ ತುಳಿತವನ್ನು ತುಸು ಹಗುರಮಾಡಬೇಕು. ಇನ್ನೊಂದು ಮಾತು: 21 ಗೇರುಗಳೆಂದರೆ ಇಪ್ಪತ್ತೊಂದನ್ನೂ ಬಳಸಬೇಕೆಂದಲ್ಲ. ಮುಂದಿನ ದೊಡ್ಡದರೊಡನೆ ಹಿಂದಿನ ದೊಡ್ಡದನ್ನು, ಮುಂದಿನ ಸಣ್ಣದರೊಡನೆ ಹಿಂದಿನ ಸಣ್ಣದನ್ನು ಜೋಡಿಸಿದಾಗ ಚೈನು ಓರೆಯಾಗಿ ಎಳೆಯಲ್ಪಟ್ಟು ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ. ಅದು ರೋಗವಲ್ಲ, ಅಪಥ್ಯ.

ಅಂಗಡಿಗಳ ಪಾಲೂ ಇದರಲ್ಲಿಲ್ಲದೆ ಇಲ್ಲ. ಬ್ರೇಕಿನ ಕೊಳವೆಯನ್ನೇ ತುಂಡರಿಸಿ ಗೇರಿಗೆ ಹಾಕಿಕೊಡುವುದು ಬೀದಿಬದಿಯ ದುರಸ್ತಿಯಲ್ಲಿ ಆಗಬಹುದಾದ ತಪ್ಪು. ಬ್ರೇಕಿನ ಸಾಮಾನ್ಯ ಕೊಳವೆಯೊಳಗೆ ಲೋಹದ ಪಟ್ಟಿ ಸುರುಳಿಯಾಗಿ ಸುತ್ತಿರುತ್ತದೆ. 'ಟಿಕ್' ಗೇರಿನ ಕೊಳವೆಯಲ್ಲಿ ತಂತಿಗಳು ಉದ್ದುದ್ದಕ್ಕೆ ಸಾಗಿರುತ್ತವೆ. ಸುರುಳಿಯ ಕೊಳವೆ ಒತ್ತಡಕ್ಕೆ ಕುಗ್ಗುವುದರಿಂದ, ಮಿಲಿಮೀಟರಿನ ಲೆಕ್ಕ ಅದರಲ್ಲಿ ನಿಲ್ಲುವುದಿಲ್ಲ. ಇದರ ವಿರುದ್ಧವಾದ ತಪ್ಪು ಇನ್ನೂ ಅಪಾಯದ್ದು: ಗೇರಿನ ಕೊಳವೆಯನ್ನು ಬ್ರೇಕಿಗೆ ಹಾಕಿದರೆ ಗಟ್ಟಿಯಾಗಿ ಹಿಡಿದಾಗ ಅದು ಸೀಳಿ ಬ್ರೇಕೇ ಇಲ್ಲದಂತಾಗಬಹುದು. ಅಂತೆಯೇ, ಸೈಕಲ್ಲನ್ನು ಎತ್ತಿ ಒಮ್ಮೆಯೂ ತಿರುಗಿಸಿ ನೋಡದೆ 'ಇಡೀ ಗೇರು ಸೆಟ್ಟು ಬದಲಾಯಿಸಬೇಕು' ಎನ್ನುವವರ ಮುಂದೆ ಗ್ರಾಹಕನು ಒಂದು ಪ್ರಶ್ನೆ ಇಡಬೇಕು: 'ಯಾವ ಭಾಗ ಕೆಟ್ಟಿದೆ, ಹೇಗೆ ಗೊತ್ತಾಯಿತು?' ತಿಳಿದ ಮಿಸ್ತ್ರಿ ಈ ಪ್ರಶ್ನೆಗೆ ಬೇಸರಪಡುವುದಿಲ್ಲ, ಸಂತೋಷದಿಂದ ತೋರಿಸಿಕೊಡುತ್ತಾನೆ. ತಂತಿ ಮತ್ತು ಕೊಳವೆಯ ಬೆಲೆ ಇಡೀ ಗೇರು ಸೆಟ್ಟಿನ ಬೆಲೆಯ ಒಂದು ಸಣ್ಣ ಅಂಶ. ಲಕ್ಷಣಗಳನ್ನು ತಾನೇ ವಿವರಿಸಬಲ್ಲ ಗ್ರಾಹಕನಿಗೆ ಮೋಸವಾಗುವುದು ಅಪರೂಪ.

ಊರಿಗೆ ತಕ್ಕ ಪಥ್ಯ

ಮುಂಬಯಿಯ ನಾಲ್ಕು ತಿಂಗಳ ಮಳೆ ಕೊಳವೆಯೊಳಗೆ ನೀರನ್ನಿಳಿಸುತ್ತದೆ. ಮುಂಬಯಿಯಲ್ಲಿಯೂ ಚೆನ್ನೈಯಲ್ಲಿಯೂ ಕಡಲಿನ ಉಪ್ಪುಗಾಳಿ ತುಕ್ಕನ್ನು ಬೆಳೆಸುತ್ತದೆ. ದಿಲ್ಲಿಯ ಬೇಸಿಗೆಯ ಧೂಳು ಎಣ್ಣೆಯೊಡನೆ ಬೆರೆತು ಚೈನನ್ನು ಅರೆಯುವ ಸಾಣೆಯಾಗುತ್ತದೆ. ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದೇ ಹೆಸರಾಗಿದ್ದ ಪುಣೆಯಲ್ಲಿಯೂ ಏರಿಳಿತದ ರಸ್ತೆಗಳಲ್ಲಿ ಗೇರಿಗೆ ಬಿಡುವಿಲ್ಲ. ಎಲ್ಲ ಊರಿಗೂ ಸಲ್ಲುವ ಪಥ್ಯ ಒಂದೇ: ಮಳೆಯಲ್ಲಿ ನೆನೆದ ದಿನ ಒಣಬಟ್ಟೆಯಿಂದ ಚೈನನ್ನು ಒರೆಸುವುದು, ಎರಡು ವಾರಕ್ಕೊಮ್ಮೆ ಪ್ರತಿ ಕೊಂಡಿಗೂ ಒಂದೊಂದು ಹನಿ ಸೈಕಲ್ ಚೈನಿನ ಎಣ್ಣೆ ಬಿಟ್ಟು, ಹೊರಗೆ ಉಳಿದ ಎಣ್ಣೆಯನ್ನು ಒರೆಸಿಬಿಡುವುದು. ಎಣ್ಣೆ ಬೇಕಾದದ್ದು ಕೀಲಿನ ಒಳಗೆ. ಹೊರಗಿನ ಎಣ್ಣೆ ಧೂಳಿಗೆ ಆಮಂತ್ರಣ. ಅಡುಗೆಮನೆಯ ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆಗಳು ಜಿಡ್ಡುಗಟ್ಟುವುದರಿಂದ ಸಲ್ಲವು. ಸೈಕಲ್ಲನ್ನು ಸಾಗಿಸುವಾಗ ಬಲಮಗ್ಗುಲಿಗೆ ಮಲಗಿಸದಿರುವುದು. ನಿಲ್ಲಿಸುವಾಗ ಚೈನಿನ ಬದಿಯನ್ನು ಗೋಡೆಯ ಕಡೆಗಿರಿಸಿ, ತೋಳು ಗೋಡೆಗೆ ತಾಗದಂತೆ ನೋಡಿಕೊಳ್ಳುವುದು. ತಿಂಗಳಿಗೆ ಅರ್ಧ ಗಂಟೆಯಷ್ಟೂ ಹಿಡಿಯದ ಕೆಲಸಗಳಿವು.

ಇಷ್ಟೆಲ್ಲ ಗೋಜು ಏಕೆ, ಗೇರಿಲ್ಲದ ಹಳೆಯ ಸೈಕಲ್ಲೇ ವಾಸಿಯಲ್ಲವೆ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವಿದೆ. ಚೆನ್ನೈಯ ಸಮತಟ್ಟಾದ ಬಡಾವಣೆಯಲ್ಲಿ ಮಾರುಕಟ್ಟೆಗೆ ಹೋಗಿಬರುವವರಿಗೆ ಒಂದೇ ಹಲ್ಲುಚಕ್ರದ ಗಟ್ಟಿ ಸೈಕಲ್ಲು ಸಾಕು. ನೆರೆಯವರ ಕಣ್ಣಿಗಾಗಿ ಗೇರು ಕೊಳ್ಳುವುದು ಅನಗತ್ಯ. ಆದರೆ ಮೇಲುಸೇತುವೆಗಳನ್ನೂ ಏರುಗಳನ್ನೂ ದಿನವೂ ದಾಟಬೇಕಾದವರಿಗೆ, ನಲವತ್ತೈದು ದಾಟಿದ ಮಂಡಿಗಳಿಗೆ ಗೇರು ಆಡಂಬರವಲ್ಲ, ಅನುಕೂಲ. ಕೊಂಡ ಮೇಲೆ ಅದನ್ನು ಅರಿತುಕೊಳ್ಳುವುದು ಕೊಂಡವನ ಹೊಣೆ.

ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವ, ನಾಟಕ, ಸಂಗೀತಗಳ ಜೊತೆಗೆ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣಾ ಶಿಬಿರಗಳನ್ನೂ ಏರ್ಪಡಿಸುವುದುಂಟು. ಅಂಥ ಶಿಬಿರದ ಭಾನುವಾರವೇ ಸಂಘದ ಅಂಗಳದಲ್ಲಿ ಒಂದು ಸೈಕಲ್ ತಪಾಸಣೆಯನ್ನೂ ಇರಿಸಿಕೊಳ್ಳಬಾರದೇಕೆ? ಒಬ್ಬ ನುರಿತ ಮಿಸ್ತ್ರಿ, ಒಂದು ಉಕ್ಕಿನ ಅಳತೆಪಟ್ಟಿ, ಒಂದು ಸ್ಕ್ರೂ ಡ್ರೈವರು, ನಾಲ್ಕು ಸ್ಪ್ಯಾನರು, ಎಣ್ಣೆಯ ಡಬ್ಬಿ ಇಷ್ಟು ಸಾಕು. ಒಳಗೆ ವೈದ್ಯರು 'ದಿನವೂ ಅರ್ಧ ಗಂಟೆ ವ್ಯಾಯಾಮ ಮಾಡಿ' ಎಂದು ಬರೆದುಕೊಟ್ಟ ಚೀಟಿಯನ್ನು ಹಿಡಿದು ಹೊರಗೆ ಬಂದವರಿಗೆ, ಆ ಚೀಟಿಯ ಮದ್ದು ಅಂಗಳದಲ್ಲಿಯೇ ಚಕ್ರದ ಮೇಲೆ ಸಿದ್ಧವಾಗಿ ನಿಂತಿರಲಿ. ಹಿರಿಯರು ತಮ್ಮ ಕಣ್ಣೆದುರೇ ಕಾಲು ಸುತ್ತು ತಿರುಪಿಗೆ ಸದ್ದು ಅಡಗುವುದನ್ನು ಕಂಡರೆ, ಹದಿಹರೆಯದವರು ಅದನ್ನು ಕೈಯಾರೆ ಮಾಡಿ ಕಲಿತರೆ, ಒಂದು ಮನೆಯ ಎರಡು ತಲೆಮಾರುಗಳಿಗೆ ಉಪಕಾರವಾದೀತು.

ತಾ ಮಾಡಿದ್ದು ಉತ್ತಮವೆಂಬುದು ಹಿರಿಯರ ಮಾತು. ಎಲ್ಲವನ್ನೂ ತಾನೇ ಮಾಡಬೇಕೆಂದು ಅದರ ಅರ್ಥವಲ್ಲ. ಏನಾಗಿದೆಯೆಂಬುದನ್ನಾದರೂ ತಾನು ಅರಿತಿರಬೇಕೆಂಬುದು ಅದರ ತಾತ್ಪರ್ಯ. ಬರುವ ಭಾನುವಾರ ಬೆಳಗ್ಗೆ ಮೆಟ್ಟಿಲ ಕೆಳಗಿನ ಸೈಕಲ್ಲನ್ನು ಹೊರಗೆಳೆದು, ಧೂಳು ಒರೆಸಿ, ಹಿಂದೆ ಕುಳಿತು ಆ ಎರಡು ಪುಟ್ಟ ಗಾಲಿಗಳು ನೇರವಾಗಿವೆಯೇ ಎಂದು ನೋಡುವುದಕ್ಕೆ ಐದು ನಿಮಿಷ ಸಾಕು. ನಿದಾನ ಅಲ್ಲಿಂದ ಪ್ರಾರಂಭವಾಗಲಿ. ಸವಾರಿ ತಾನಾಗಿ ಹಿಂಬಾಲಿಸುತ್ತದೆ.